ಮೆಕ್ಕೆಜೋಳದ ಅರಳು: ಒಲೆಯ ಮೇಲಿನ ಒಂದು ಪಾಠ

ನಮ್ಮ ಕನ್ನಡ ನುಡಿಯಲ್ಲಿ ಹೂವು ಬಿರಿಯುವದಕ್ಕೂ ಕಾಳು ಬಿರಿಯುವದಕ್ಕೂ ಒಂದೇ ಮಾತು ಸಲ್ಲುವದು. ಬೆಳಗಿನ ಬಿಸಿಲಿಗೆ ಮೊಗ್ಗು ಅರಳುವದು. ಒಲೆಯ ಶಾಖಕ್ಕೆ ಭತ್ತವೂ ಜೋಳವೂ ಅರಳುವವು. ಹೀಗೆ ಅರಳಿದ ಕಾಳಿಗೆ ಅರಳೆಂದೇ ಹೆಸರು. ಉತ್ತರ ಕರ್ನಾಟಕದ ಮನೆಗಳಲ್ಲಿ ಅದನ್ನು ಅಳ್ಳು ಎನ್ನುವರು. ಈ ಹೆಸರನ್ನಿಟ್ಟ ನಮ್ಮ ಹಿರಿಯರು ಪದಾರ್ಥವಿಜ್ಞಾನದ ಪುಸ್ತಕವನ್ನು ಓದಿದವರಲ್ಲ. ಆದರೂ ಕಣ್ಣಿಟ್ಟು ನೋಡಿದವರೆಂಬುದರಲ್ಲಿ ಸಂದೇಹವಿಲ್ಲ. ಇಂದು ಪೇಟೆಯಲ್ಲಿ ಪಾಪ್‌ಕಾರ್ನ್ ಎಂಬ ಹೆಸರಿನಿಂದ ಮಾರಲ್ಪಡುವ ಮೆಕ್ಕೆಜೋಳದ ಅರಳನ್ನು ಮೈಕ್ರೋವೇವ್ ಯಂತ್ರದ ನೆರವಿಲ್ಲದೆ, ಹಿಂದಿನ ಕ್ರಮದಂತೆ ಮುಚ್ಚಿದ ಪಾತ್ರೆಯಲ್ಲಿ ಮಾಡುವ ಬಗೆಯನ್ನೂ, ಆ ಕ್ರಮದ ಪ್ರತಿಯೊಂದು ಹೆಜ್ಜೆಗಿರುವ ಕಾರಣವನ್ನೂ ತಿಳಿಸುವದೇ ಈ ಲೇಖನದ ಉದ್ದೇಶವು.

ಇಷ್ಟು ಅಲ್ಪವಾದ ತಿಂಡಿಗೆ ಒಂದು ಪಾಠವು ಬೇಕೇ ಎಂದು ಯಾರಾದರೂ ಕೇಳಬಹುದು. ಬೇಕೆಂದೇ ನಮ್ಮ ಅಭಿಪ್ರಾಯವು. ಯಾಕಂದರೆ ಶಾಲೆಯಲ್ಲಿ ಕಲಿತ ಉಷ್ಣ, ಉಗಿ, ಒತ್ತಡ ಎಂಬ ಮಾತುಗಳು ಪರೀಕ್ಷೆಯ ಕಾಗದದ ಮೇಲೆಯೇ ನಿಂತುಹೋಗುವದೂ, ಅಡಿಗೆಯ ಮನೆಯಲ್ಲಿ ತಾಯಿ ಅಜ್ಜಿಯರು ಮಾಡುವದು ಬರೇ ರೂಢಿಯೆಂದು ಎಣಿಸಲ್ಪಡುವದೂ ನಮ್ಮಲ್ಲಿ ಹೆಚ್ಚಾಗಿ ಕಂಡುಬರುವ ಎರಡು ನಷ್ಟಗಳು. ಒಂದು ಹಿಡಿ ಮೆಕ್ಕೆಜೋಳವು ಈ ಎರಡನ್ನೂ ಒಟ್ಟಿಗೆ ತರಬಲ್ಲದು.

ಕಾಳಿನ ಕುಲ

ಮೆಕ್ಕೆಜೋಳ, ಗೋವಿನಜೋಳ, ಮುಸುಕಿನ ಜೋಳ ಎಂದು ನಾಡಿನ ಬೇರೆ ಬೇರೆ ಸೀಮೆಗಳಲ್ಲಿ ಕರೆಯಲ್ಪಡುವ ಈ ಧಾನ್ಯದ ತವರು ಅಮೇರಿಕ ಖಂಡವು. ಮೆಕ್ಸಿಕೋ ದೇಶದ ದಕ್ಷಿಣ ಭಾಗದಲ್ಲಿ ಬೆಳೆಯುವ ತಿಯೋಸಿಂಟೆ ಎಂಬ ಕಾಡುಹುಲ್ಲನ್ನು ಅಲ್ಲಿಯ ಜನರು ಸುಮಾರು ೯೦೦೦ ವರ್ಷಗಳ ಹಿಂದೆ ಪಳಗಿಸಿ ಬೆಳೆಯಾಗಿ ಮಾಡಿದರು. ಪೆರು ದೇಶದ ಉತ್ತರ ಕರಾವಳಿಯಲ್ಲಿರುವ ಪಾರೆಡೋನೆಸ್ ಮತ್ತು ಹುವಾಕಾ ಪ್ರಿಯೆತಾ ಎಂಬ ಸ್ಥಳಗಳಲ್ಲಿ ನೆಲವನ್ನು ಅಗೆದಾಗ ಸಿಕ್ಕಿದ ತೆನೆಗಳಲ್ಲಿ ಕೆಲವು ಸುಮಾರು ೬೭೦೦ ವರ್ಷಗಳಷ್ಟು ಹಳೆಯವೆಂದೂ, ಅಲ್ಲಿಯ ಜನರು ಅರಳು ಮಾಡಿ ತಿನ್ನುತ್ತಿದ್ದರೆಂದೂ ೨೦೧೨ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಮಡಿಕೆಗಳನ್ನು ಸುಡುವ ವಿದ್ಯೆಯು ಆ ಸೀಮೆಗೆ ಬರುವದಕ್ಕಿಂತ ಮುಂಚೆಯೇ ಅಲ್ಲಿ ಅರಳು ಇತ್ತೆಂಬುದು ಆಶ್ಚರ್ಯಕರವಾದ ಸಂಗತಿಯು. ಮೆಕ್ಸಿಕೋದ ಆಸ್ಟೆಕ್ ಜನರ ಹೆಣ್ಣುಮಕ್ಕಳು ಅರಳನ್ನು ಹೂವಿನಂತೆ ಮಾಲೆಕಟ್ಟಿ ಮುಡಿದು ಕುಣಿಯುತ್ತಿದ್ದದ್ದನ್ನು ೧೬ನೆಯ ಶತಮಾನದಲ್ಲಿ ಸಾಹಗುನ್ ಎಂಬ ಸ್ಪೇನಿನ ಪಾದ್ರಿಯವರು ಬರೆದಿಟ್ಟಿದ್ದಾರೆ. ಕಾಳಿನಲ್ಲಿ ಹೂವನ್ನು ಕಂಡವರು ನಾವು ಮಾತ್ರವೇ ಅಲ್ಲವೆಂದು ಇದರಿಂದ ತಿಳಿಯುವದು.

೧೪೯೨ರಲ್ಲಿ ಕೊಲಂಬಸನು ಆ ಕಡೆಗೆ ಹೋಗಿ ಬಂದ ಮೇಲೆ ಈ ಧಾನ್ಯವು ಮಿಕ್ಕ ಖಂಡಗಳಿಗೆ ಹಬ್ಬಿತು. ಇಂದು ದಾವಣಗೆರೆ, ಹಾವೇರಿ ಮುಂತಾದ ಜಿಲ್ಲೆಗಳಲ್ಲಿ ಇದು ಮುಖ್ಯವಾದ ಬೆಳೆಗಳಲ್ಲೊಂದು. ಆದರೆ ಹೊಲದಲ್ಲಿ ಬೆಳೆದ ಮೆಕ್ಕೆಜೋಳವೆಲ್ಲಾ ಅರಳುವದಿಲ್ಲ. ಕೋಳಿಗಳಿಗೂ ದನಗಳಿಗೂ ಮೇವಾಗುವ, ಹಿಟ್ಟಿಗಾಗುವ ದೊಡ್ಡ ಕಾಳನ್ನು ಎಷ್ಟು ಹುರಿದರೂ ಅದು ಬಿರುಕುಬಿಟ್ಟು ಕಪ್ಪಾಗುವದೇ ಹೊರತು ಹೂವಾಗದು. ಅರಳಿಗೆ ತಕ್ಕದ್ದು ಒಂದು ಪ್ರತ್ಯೇಕವಾದ ಜಾತಿಯು. ಅದರ ಕಾಳು ಚಿಕ್ಕದು, ಗುಂಡಗೆ ಗಟ್ಟಿಯಾದದ್ದು, ಸಿಪ್ಪೆ ಬಲವಾದದ್ದು. ಕೊಳ್ಳುವಾಗ ಈ ಭೇದವನ್ನು ಮೊದಲು ಗಮನಿಸಬೇಕು.

ಕಾಳೊಳಗಿನ ನೀರು

ಅರಳಿನ ಗುಟ್ಟು ಎಲ್ಲಿದೆ? ಬೆಂಕಿಯಲ್ಲಿಲ್ಲ, ಎಣ್ಣೆಯಲ್ಲಿಲ್ಲ, ಒಣಗಿದಂತೆ ತೋರುವ ಆ ಕಾಳಿನೊಳಗೆ ಅಡಗಿರುವ ನೀರಿನಲ್ಲಿದೆ. ಚೆನ್ನಾಗಿ ಅರಳುವ ೧೦೦ ಗ್ರಾಂ ಕಾಳಿನಲ್ಲಿ ಸುಮಾರು ೧೪ ಗ್ರಾಂ ನೀರಿರುವದು. ಅದು ಕೈಗೆ ತಗಲದು, ಕಣ್ಣಿಗೆ ಕಾಣದು. ಹಿಟ್ಟಿನ ಕಣಕಣದಲ್ಲಿಯೂ ಸೇರಿಕೊಂಡಿರುವದು.

ಬಯಲಲ್ಲಿಟ್ಟ ನೀರು ೧೦೦ ಡಿಗ್ರಿ ಶಾಖದಲ್ಲಿ ಕುದಿದು ಉಗಿಯಾಗಿ ಹಾರಿಹೋಗುವದೆಂದು ನಾವು ಬಲ್ಲೆವು. ಆದರೆ ಈ ಕಾಳಿನ ಸಿಪ್ಪೆಯು ಉಗಿಯನ್ನು ಹೊರಗೆ ಬಿಡುವದಿಲ್ಲ. ಉಗಿಗೆ ದಾರಿ ಸಿಕ್ಕದಿರಲಾಗಿ ಒಳಗಿನ ಒತ್ತಡವು ಏರುತ್ತಲೇ ಹೋಗುವದು. ನಮ್ಮ ಅಡಿಗೆಮನೆಯ ಸೀಟಿಯ ಕುಕ್ಕರಿನಲ್ಲಿ ಆಗುವದೂ ಇದೇ. ಅದರೊಳಗೆ ಶಾಖವು ಸುಮಾರು ೧೨೦ ಡಿಗ್ರಿಗೆ ಏರಿ, ಒತ್ತಡವು ಹೊರಗಿನ ಗಾಳಿಯದಕ್ಕಿಂತ ಸುಮಾರು ೨ ಪಟ್ಟು ಆಗುವದು. ಮೆಕ್ಕೆಜೋಳದ ಕಾಳಾದರೋ ಅದಕ್ಕಿಂತ ಬಲವಾದ ಕುಕ್ಕರು. ಅದರೊಳಗೆ ಶಾಖವು ಸುಮಾರು ೧೮೦ ಡಿಗ್ರಿಯಾಗುವ ತನಕ, ಒತ್ತಡವು ಸುಮಾರು ೧೦ ಪಟ್ಟು ಆಗುವ ತನಕ ಸಿಪ್ಪೆಯು ತಡೆದು ನಿಲ್ಲುವದು. ಅಷ್ಟರೊಳಗೆ ಗಟ್ಟಿಯಾದ ಹಿಟ್ಟು ಬೆಂದು ಅಂಬಲಿಯಂತೆ ಮೆತ್ತಗಾಗಿರುವದು. ಆಗ ಸಿಪ್ಪೆಯು ಒಮ್ಮೆಗೇ ಒಡೆಯುವದು. ಉಗಿಯು ಥಟ್ಟನೆ ಹಿಗ್ಗಿ ಹಿಟ್ಟನ್ನು ನೊರೆಯಾಗಿ ಉಬ್ಬಿಸುವದು. ಹಿಗ್ಗಿದ ಉಗಿಯು ಅದೇ ಕ್ಷಣದಲ್ಲಿ ತಣ್ಣಗಾಗುವದರಿಂದ ಆ ನೊರೆಯು ಹಾಗೆಯೇ ಗಟ್ಟಿಯಾಗಿ ನಿಲ್ಲುವದು. ಕಾಳು ತನ್ನ ಮೊದಲಿನ ಗಾತ್ರದ ೩೦-೪೦ ಪಟ್ಟಾಗಿ, ಒಳಗಿದ್ದದ್ದೆಲ್ಲಾ ಹೊರಗಾಗಿ, ಬೆಳ್ಳಗೆ ಅರಳುವದು.

ಈ ೧೮೦ ಡಿಗ್ರಿಯ ಮಾತು ಊಹೆಯದಲ್ಲ. ವೀರೊ ಮತ್ತು ಪೊನೊಮರೆಂಕೊ ಎಂಬ ಫ್ರಾನ್ಸ್ ದೇಶದ ಇಬ್ಬರು ಸಂಶೋಧಕರು ಕಾಳುಗಳನ್ನು ಸ್ವಲ್ಪ ಸ್ವಲ್ಪವಾಗಿ ಕಾಯಿಸುತ್ತಾ, ಅತಿ ವೇಗವಾಗಿ ಚಿತ್ರ ತೆಗೆಯುವ ಕ್ಯಾಮರದಿಂದ ನೋಡಿ, ೨೦೧೫ರಲ್ಲಿ ತಮ್ಮ ಫಲವನ್ನು ಪ್ರಕಟಿಸಿದರು. ೧೭೦ ಡಿಗ್ರಿಯಲ್ಲಿ ನೂರಕ್ಕೆ ೩೪ ಕಾಳುಗಳು ಮಾತ್ರ ಅರಳಿದ್ದವು. ೧೮೦ ಡಿಗ್ರಿಯಲ್ಲಿ ೯೬ ಅರಳಿದವು. ಹತ್ತು ಡಿಗ್ರಿಯ ಅಂತರದಲ್ಲಿ ಎಷ್ಟು ಭೇದ! ಕಾಳು ಒಡೆಯುವಾಗ ಮೊದಲು ಹೊರಡುವ ಹಿಟ್ಟು ಒಂದು ಕಾಲಿನಂತೆ ಪಾತ್ರೆಯ ತಳವನ್ನು ಒದೆಯುವದರಿಂದ ಕಾಳು ಮೇಲಕ್ಕೆ ನೆಗೆಯುವದೆಂದೂ, ನಾವು ಕೇಳುವ ಚಿಟಿಲೆಂಬ ಸದ್ದು ಸಿಪ್ಪೆ ಹರಿದ ಸದ್ದಲ್ಲ, ಉಗಿಯು ಹೊರಬಿದ್ದ ಸದ್ದೆಂದೂ ಅವರು ತೋರಿಸಿದರು.

ಮಾಡುವ ಕ್ರಮ

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಒಲೆಯ ಬಳಿಗೆ ಬರೋಣ. ಸುಮಾರು ೪ ಲೀಟರು ಹಿಡಿಯುವ ದಪ್ಪ ತಳದ ಪಾತ್ರೆ, ಅದಕ್ಕೆ ಹೊಂದುವ ಮುಚ್ಚಳ, ಪಾತ್ರೆಯ ಹಿಡಿಗಳನ್ನು ಹಿಡಿಯಲು ಒಣಗಿದ ದಪ್ಪ ಬಟ್ಟೆ, ೭೦ ಗ್ರಾಂ ಕಾಳು, ೩ ಊಟದ ಚಮಚ ಎಣ್ಣೆ, ನುಣ್ಣಗೆ ಪುಡಿ ಮಾಡಿದ ಉಪ್ಪು, ಇಷ್ಟೇ ಬೇಕಾದ ಸಾಮಾನು. ತಳವು ತೆಳ್ಳಗಾದರೆ ಉರಿ ತಗಲಿದ ಕಡೆ ಕಾಳು ಕರಿಕಾಗಿ, ತಗಲದ ಕಡೆ ಹಸಿಯಾಗಿ ಉಳಿಯುವದು. ಎಣ್ಣೆಯು ರುಚಿಗೆ ಮಾತ್ರವಲ್ಲ. ಗುಂಡಗಿನ ಕಾಳು ಪಾತ್ರೆಯನ್ನು ಒಂದೇ ಬಿಂದುವಿನಲ್ಲಿ ಮುಟ್ಟುವದರಿಂದ, ಎಣ್ಣೆಯು ಅದರ ಸುತ್ತಲೂ ನಿಂತು ಶಾಖವನ್ನು ಸಮನಾಗಿ ಒಯ್ಯುವದು. ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆಯಾಗಲಿ ತುಪ್ಪವಾಗಲಿ ಒಳ್ಳೆಯದು. ಬೆಣ್ಣೆಯು ಕೂಡದು. ಬೆಣ್ಣೆಯಲ್ಲಿ ನೀರೂ ಹಾಲಿನ ಅಂಶವೂ ಇರುವವು. ಹಾಲಿನ ಅಂಶವು ೧೮೦ ಡಿಗ್ರಿಗೆ ಏರುವದರೊಳಗೆ ಸೀದು ಕಹಿಯಾಗುವದು. ಅದೇ ಬೆಣ್ಣೆಯನ್ನು ಕಾಸಿ ಸೋಸಿದ ತುಪ್ಪಕ್ಕೆ ಈ ದೋಷವಿಲ್ಲ.

ಪಾತ್ರೆಯಲ್ಲಿ ಎಣ್ಣೆಯನ್ನು ಹಾಕಿ, ನಡುವಣ ಉರಿಯಲ್ಲಿ ಕಾಯಿಸಿ, ಮೂರೇ ಮೂರು ಕಾಳುಗಳನ್ನು ಹಾಕಿ ಮುಚ್ಚಬೇಕು. ಈ ಮೂರು ಕಾಳುಗಳೇ ನಮ್ಮ ಉಷ್ಣಮಾಪಕವು. ಅವು ಅರಳಿದರೆ ಎಣ್ಣೆಯು ಬೇಕಾದಷ್ಟು ಕಾದಿದೆಯೆಂದು ತಿಳಿಯತಕ್ಕದ್ದು. ಆಗ ಅವುಗಳನ್ನು ತೆಗೆದು, ಮಿಕ್ಕ ಕಾಳನ್ನೆಲ್ಲಾ ಒಂದೇ ಪದರವಾಗಿ ಹರಡಿ, ಪಾತ್ರೆಯನ್ನು ಒಲೆಯಿಂದ ಇಳಿಸಿ, ನಿಧಾನವಾಗಿ ಮೂವತ್ತರ ತನಕ ಎಣಿಸಬೇಕು. ಹೊಸಬರಿಗೆ ಈ ವಿಳಂಬವು ವ್ಯರ್ಥವಾಗಿ ತೋರುವದು. ಆದರೆ ಅರ್ಧ ಫಲವು ಇದರಲ್ಲಿಯೇ ಇದೆ. ಎಲ್ಲಾ ಕಾಳುಗಳೂ ಈ ಹೊತ್ತಿನಲ್ಲಿ ಅರಳದೆಯೇ ಸಮನಾಗಿ ಬಿಸಿಯಾಗುವವು. ತಿರಿಗಿ ಒಲೆಯ ಮೇಲಿಟ್ಟಾಗ ಹೆಚ್ಚುಕಡಿಮೆ ಒಟ್ಟಿಗೆ ಅರಳುವವು. ಹಾಗೆ ಮಾಡದಿದ್ದರೆ ಮೊದಲು ಅರಳಿದವು ಕೊನೆಯವುಗಳಿಗಾಗಿ ಕಾದು ಕಾದು ಸೀಯುವವು.

ಪಾತ್ರೆಯನ್ನು ಮತ್ತೆ ಉರಿಯ ಮೇಲಿಟ್ಟು, ಮುಚ್ಚಳವನ್ನು ಒಂದು ಕಡೆಯಲ್ಲಿ ಎಳ್ಳಷ್ಟು ಓರೆಮಾಡಬೇಕು. ಕಾಳುಗಳಿಂದ ಹೊರಟ ಉಗಿಗೆ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಅದು ನೀರಾಗಿ ಅರಳಿನ ಮೇಲೆಯೇ ಬಿದ್ದು, ಗರಿಗರಿಯಾದದ್ದನ್ನು ಹದಗೆಡಿಸುವದು. ಆದರೆ ಓರೆಯು ಎಣ್ಣೆ ಸಿಡಿಯುವಷ್ಟು ದೊಡ್ಡದಾಗಕೂಡದು. ಅದು ಮೈಕಡೆಗೂ ಇರಬಾರದು. ಪಾತ್ರೆಯನ್ನು ಆಗಾಗ ಮೆಲ್ಲಗೆ ಕುಲುಕುತ್ತಾ ಇದ್ದರೆ ಹಗುರವಾದ ಅರಳು ಮೇಲಕ್ಕೇರಿ, ಭಾರವಾದ ಕಾಳು ತಳಕ್ಕಿಳಿದು, ಶಾಖವು ಬೇಕಾದವರಿಗೆ ಬೇಕಾದಲ್ಲಿ ಸಿಕ್ಕುವದು.

ಇನ್ನು ಮೇಲೆ ಕಣ್ಣಿಗೆ ಕೆಲಸವಿಲ್ಲ; ಕಿವಿಗೇ ಕೆಲಸ. ಮೊದಲು ಒಂದೆರಡು ಸದ್ದು. ಅನಂತರ ಹಂಚಿನ ಮೇಲೆ ಆನೆಕಲ್ಲಿನ ಮಳೆ ಬಿದ್ದಂತೆ. ಆ ಮೇಲೆ ತಿರಿಗಿ ಬಿಡಿಬಿಡಿಯಾಗಿ. ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ಎರಡು ಮೂರು ಸೆಕೆಂಡಾಗುವಾಗ ಪಾತ್ರೆಯನ್ನು ಇಳಿಸಬೇಕು. ಕಡೆಯ ಕಾಳೂ ಅರಳಲೆಂದು ಕಾಯುವವರು ಅರಳಿದ ನೂರನ್ನು ಸುಡುವರು. ಸದ್ದು ಪೂರಾ ಅಡಗುವ ತನಕ ಮುಚ್ಚಳವನ್ನು ತೆಗೆಯಬಾರದು. ಕೂಡಲೆ ಅಗಲವಾದ ಪಾತ್ರೆಗೆ ಸುರಿದು, ಬಿಸಿಯಿರುವಾಗಲೇ ಉಪ್ಪನ್ನು ಉದುರಿಸಬೇಕು. ಅರಳು ಒಣಗಿದ ಪದಾರ್ಥವಾದದರಿಂದ ಹರಳುಪ್ಪು ತಳಕ್ಕೆ ಜಾರುವದು, ಪುಡಿಯುಪ್ಪು ಅಂಟುವದು. ಒಂದು ಚಮಚ ತುಪ್ಪದಲ್ಲಿ ಅರಿಶಿನ, ಮೆಣಸಿನಪುಡಿ, ಕರಿಬೇವುಗಳ ಒಗ್ಗರಣೆ ಮಾಡಿ ಕಲಸಿದರೆ ನಮ್ಮ ನಾಲಿಗೆಗೆ ಇನ್ನೂ ಒಗ್ಗುವದು.

ತಾಯ್ತಂದೆಗಳಿಗೆ ಮೂರು ಎಚ್ಚರಿಕೆಗಳು. ಎಣ್ಣೆಗೆ ಉರಿ ಹತ್ತಿದರೆ ನೀರನ್ನು ಎಂದಿಗೂ ಸುರಿಯಬಾರದು. ಮುಚ್ಚಳದಿಂದ ಮುಚ್ಚಿ ಒಲೆಯನ್ನು ಆರಿಸಬೇಕು. ನಾಲ್ಕು ವರ್ಷ ತುಂಬದ ಮಕ್ಕಳಿಗೆ ಅರಳನ್ನು ಕೊಡಬಾರದು. ಅದು ಉಸಿರಿನ ದಾರಿಯಲ್ಲಿ ಸಿಕ್ಕಿಕೊಳ್ಳುವ ಭಯವುಂಟು. ಅರಳದ ಕಾಳುಗಳನ್ನು ಆರಿಸಿ ತೆಗೆಯಬೇಕು. ಅವು ಹಲ್ಲನ್ನು ಮುರಿಯುವಷ್ಟು ಗಟ್ಟಿಯಾಗಿರುವವು.

ಅರಳದಿರುವದೇಕೆ?

ಎಷ್ಟು ಜಾಗ್ರತೆಯಿಂದ ಮಾಡಿದರೂ ಕೆಲವು ಸಾರಿ ಪಾತ್ರೆಯ ತಳದಲ್ಲಿ ಹಿಡಿ ತುಂಬ ಕಾಳು ಹಾಗೆಯೇ ಉಳಿಯುವದು. ಆಗ ಸಾಮಾನ್ಯವಾಗಿ ಕಾಳು ಕೆಟ್ಟದ್ದೆಂದು ಎಸೆದುಬಿಡುವರು. ಮೇಲೆ ಹೇಳಿದ ನಿಯಮವನ್ನು ಬಲ್ಲವರು ಹಾಗೆ ಅವಸರಪಡುವದಿಲ್ಲ. ಕಾಳು ತೆರೆದ ಡಬ್ಬಿಯಲ್ಲಿ ಬಹುದಿನ ಇದ್ದು ನೀರನ್ನು ಕಳಕೊಂಡಿದ್ದರೆ ಉಗಿಯು ಸಾಲದೆ ಅದು ಅರಳದು. ನೀರು ಹೆಚ್ಚಾಗಿದ್ದರೆ ಸಿಪ್ಪೆಯು ಮೆತ್ತಗಾಗಿ ಹೊತ್ತಿಗೆ ಮುಂಚೆಯೇ ಒಡೆದು, ಅರಳು ಚಿಕ್ಕದಾಗಿ ನಾರಿನಂತಾಗುವದು. ಉರಿ ತೀರಾ ಸಣ್ಣದಾದರೆ ಕಾಳಿನ ತುದಿಯಿಂದ ಉಗಿಯು ಸೋರಿಹೋಗುವದು. ತೀರಾ ದೊಡ್ಡದಾದರೆ ಹೊರಗೆ ಒಡೆದು ನಡುವೆ ಗಟ್ಟಿಯಾಗಿಯೇ ಉಳಿಯುವದು. ಸಿಪ್ಪೆಯಲ್ಲಿ ಬಿರುಕಿದ್ದರೆ ಆ ಕಾಳಿಗೆ ಯಾವ ಉಪಾಯವೂ ಇಲ್ಲ.

ಒಣಗಿದ ಕಾಳಿಗಾದರೋ ಉಪಾಯವುಂಟು. ಒಂದು ಲೀಟರಿನ ಗಾಜಿನ ಭರಣಿಯಲ್ಲಿ ಮುಕ್ಕಾಲು ಪಾಲು ಕಾಳನ್ನು ತುಂಬಿ, ಒಂದು ಊಟದ ಚಮಚ ನೀರನ್ನು ಹಾಕಿ, ಬಿಗಿಯಾಗಿ ಮುಚ್ಚಿ, ನೀರು ಹೀರುವ ತನಕ ಆಗಾಗ ಕುಲುಕಿ, ಮೂರು ನಾಲ್ಕು ದಿನ ಇಡಬೇಕು. ಅನಂತರ ಸ್ವಲ್ಪವನ್ನು ಹುರಿದು ನೋಡಿ, ಸಾಲದಿದ್ದರೆ ಇನ್ನೊಂದು ಚಮಚ ನೀರನ್ನು ಸೇರಿಸಬಹುದು. ಎಸೆಯಬೇಕೆಂದಿದ್ದ ಕಾಳು ಹೀಗೆ ತಿರಿಗಿ ಅರಳುವದು.

ಅಜ್ಜಿಯರ ಶಾಸ್ತ್ರ

ಈ ಉಪಾಯವು ಭರಣಿಯೊಡನೆ ಹುಟ್ಟಿದ್ದಲ್ಲ. ನಾಗರಪಂಚಮಿಯ ಕಾಲದಲ್ಲಿ ಉತ್ತರ ಕರ್ನಾಟಕದ ಮನೆಗಳಲ್ಲಿ ಬಿಳಿಜೋಳದ ಅರಳನ್ನು ಮಾಡುವ ಹೆಂಗಸರು ಹಿಂದಿನ ದಿನವೇ ಜೋಳಕ್ಕೆ ನೀರನ್ನು ಚಿಮುಕಿಸಿ, ಬಟ್ಟೆಯಲ್ಲಿ ಗಂಟುಕಟ್ಟಿ ಇಡುವರು. ಮರುದಿನ ಚೆನ್ನಾಗಿ ಕಾದ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿ, ಬಟ್ಟೆಯ ಉಂಡೆಯಿಂದ ಆಡಿಸುತ್ತಾ ಹುರಿಯುವರು. ಯಾಕೆ ಹೀಗೆಂದು ಕೇಳಿದರೆ, ಹಾಗೆ ಮಾಡದಿದ್ದರೆ ಅಳ್ಳು ಆಗುವದಿಲ್ಲವೆಂದು ಮಾತ್ರ ಹೇಳುವರು. ಅವರ ಉತ್ತರವು ಚಿಕ್ಕದಾದರೂ ಅವರ ಕೆಲಸವು ಸರಿಯಾದದ್ದು: ಬೇಸಗೆಯಲ್ಲಿ ಒಣಗಿದ ಕಾಳಿಗೆ ಕಳೆದ ನೀರನ್ನು ತಿರಿಗಿ ಕೊಟ್ಟು, ಅದು ಒಳಗೆ ಸಮನಾಗಿ ಹರಡಲು ಒಂದು ರಾತ್ರಿಯ ಹೊತ್ತನ್ನು ಕೊಡುವರು.

ಭತ್ತದ ಅರಳನ್ನು ಕಾದ ಮರಳಿನಲ್ಲಿ ಹುರಿಯುವದಕ್ಕೂ ಇಂಥದೇ ಕಾರಣವುಂಟು. ಮೆಕ್ಕೆಜೋಳಕ್ಕೆ ಎಣ್ಣೆಯು ಮಾಡುವ ಕೆಲಸವನ್ನು ಅಲ್ಲಿ ಮರಳು ಮಾಡುವದು. ಕಾಳಿನ ಎಲ್ಲಾ ಮೈಗೂ ಒಮ್ಮೆಗೇ ಶಾಖವನ್ನು ತಗಲಿಸುವದು. ಹೊಟ್ಟು ಅಕ್ಕಿಯನ್ನು ಬಿಗಿದು ಹಿಡಿದು, ಉಗಿಗೆ ತಡೆಯಾಗುವದು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಹೊಟ್ಟು ತೆಗೆದ ಕುಸುಬಲಕ್ಕಿಯನ್ನು ಹುರಿಯುವರು. ತಡೆಯುವ ಹೊಟ್ಟಿಲ್ಲದ ಕಾರಣ ಅದು ಬಿರಿದು ಹೂವಾಗದೆ, ತನ್ನ ಆಕಾರವನ್ನು ಬಿಡದೆ ಉಬ್ಬುವದು. ಅರಳಿಗೂ ಮಂಡಕ್ಕಿಗೂ ಇರುವ ಭೇದವು ಇಷ್ಟೇ. ಒಂದೇ ನಿಯಮವು ಪೆರುವಿನ ಕರಾವಳಿಯಲ್ಲಿಯೂ ನಮ್ಮೂರಿನ ಭಟ್ಟಿಯಲ್ಲಿಯೂ ನಡೆಯುತ್ತಿರುವದು.

ಯಂತ್ರದ ವಿಷಯ

೧೮೯೩ರಲ್ಲಿ ಚಿಕಾಗೋ ಪಟ್ಟಣದ ಲೋಕಪ್ರದರ್ಶನದಲ್ಲಿ ಚಾರ್ಲ್ಸ್ ಕ್ರೀಟರ್ಸ್ ಎಂಬವರು ಉಗಿಯಿಂದ ನಡೆಯುವ ಅರಳಿನ ಬಂಡಿಯನ್ನು ಜನರಿಗೆ ತೋರಿಸಿದರು. ೧೯೪೫ರ ಸುಮಾರಿಗೆ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ಎಂಬವರು ರೇಡಾರಿನ ಅಲೆಗಳಿಂದ ಆಹಾರವನ್ನು ಬಿಸಿಮಾಡಬಹುದೆಂದು ಕಂಡುಹಿಡಿದಾಗ ಮೊದಲು ಪರೀಕ್ಷಿಸಿದ ಪದಾರ್ಥಗಳಲ್ಲಿ ಮೆಕ್ಕೆಜೋಳವೂ ಒಂದು. ಮೈಕ್ರೋವೇವ್ ಯಂತ್ರದಲ್ಲಿಯೂ ಕಾಳೊಳಗಿನ ನೀರೇ ಕಾದು ಅರಳಾಗುವದು; ನಿಯಮವು ಬೇರೆಯಲ್ಲ. ಆದುದರಿಂದ ಯಂತ್ರವನ್ನು ಹಳಿಯುವದು ನ್ಯಾಯವಲ್ಲ.

ಆದರೂ ಚೀಲದಲ್ಲಿ ಬರುವದನ್ನು ವಿಚಾರಿಸದೆ ಕೊಳ್ಳಬಾರದು. ೨೦೦೦ನೆಯ ಇಸವಿಯಲ್ಲಿ ಅಮೇರಿಕದ ಮಿಸೂರಿ ಸಂಸ್ಥಾನದಲ್ಲಿ ಇಂಥ ಚೀಲಗಳನ್ನು ತುಂಬುವ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ೮ ಮಂದಿಗೆ ಶ್ವಾಸಕೋಶದ ಕಠಿಣವಾದ ರೋಗವು ತಗಲಿದ್ದು ಬೆಳಕಿಗೆ ಬಂತು. ಬೆಣ್ಣೆಯ ಪರಿಮಳಕ್ಕಾಗಿ ಸೇರಿಸುತ್ತಿದ್ದ ಡೈಅಸಿಟೈಲ್ ಎಂಬ ವಸ್ತುವಿನ ಆವಿಯನ್ನು ದಿನವೂ ಉಸಿರಾಡಿದ್ದು ಅದಕ್ಕೆ ಕಾರಣವೆಂದು ವೈದ್ಯರು ಕಂಡರು. ಒಂದು ಬಟ್ಟಲು ತಿಂದವರಿಗೆ ಆ ರೋಗವು ಬರುವದೆಂದು ಇದರ ಅರ್ಥವಲ್ಲ. ನಮ್ಮ ಅಗ್ಗದ ಸುಖದ ಬೆಲೆಯನ್ನು ಕೆಲವು ಸಾರಿ ನಾವು ಕಾಣದವರು ತೆರುವರೆಂಬುದೇ ಇದರ ಅರ್ಥವು. ಮನೆಯ ಅರಳಿನಲ್ಲಿ ಕಾಳು, ಎಣ್ಣೆ, ಉಪ್ಪು ಎಂಬ ಮೂರೇ ಇರುವವು. ಮೂರನ್ನೂ ನಾವೇ ಕೈಯಿಂದ ಹಾಕುವೆವು.

ಮನೆಯಲ್ಲಿ ಮಾಡತಕ್ಕ ಮೂರು ಪರೀಕ್ಷೆಗಳು

ರಜೆಯ ಒಂದು ಸಾಯಂಕಾಲದಲ್ಲಿ ತಾಯಂದಿರು ಮಕ್ಕಳೊಡನೆ ಕೂತು ಇವುಗಳನ್ನು ಮಾಡಿ ನೋಡಬಹುದು. ಮೊದಲನೆಯದು: ೨೦ ಒಳ್ಳೆ ಕಾಳುಗಳನ್ನೂ, ಚೂರಿಯ ತುದಿಯಿಂದ ದೊಡ್ಡವರು ಗೀರಿಕೊಟ್ಟ ೨೦ ಕಾಳುಗಳನ್ನೂ ಬೇರೆಬೇರೆಯಾಗಿ ಹುರಿದು ಎಣಿಸುವದು. ಸಿಪ್ಪೆಯ ಕೆಲಸವು ಇದರಿಂದ ಕಾಣುವದು. ಎರಡನೆಯದು: ೨೦ ಕಾಳುಗಳನ್ನು ಹಲವು ದಿನ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಭರಣಿಯಲ್ಲಿಟ್ಟ ೨೦ ಕಾಳುಗಳೊಡನೆ ಹೋಲಿಸುವದು. ನೀರಿನ ಕೆಲಸವು ಇದರಿಂದ ಕಾಣುವದು. ಮೂರನೆಯದು: ೧೦೦ ಗ್ರಾಂ ಕಾಳನ್ನು ತೂಗಿ, ಎಣ್ಣೆಯಿಲ್ಲದೆ ಸ್ವಲ್ಪ ಸ್ವಲ್ಪವಾಗಿ ಹುರಿದು, ಅರಳನ್ನೂ ಅರಳದ ಕಾಳನ್ನೂ ಸೇರಿಸಿ ತಿರಿಗಿ ತೂಗುವದು. ಗುಡ್ಡೆಯು ಹಲವು ಪಟ್ಟು ದೊಡ್ಡದಾದರೂ ತೂಕವು ಕಡಿಮೆಯಾಗಿರುವದು. ಕಡಿಮೆಯಾದದ್ದು ಎಲ್ಲಿ ಹೋಯಿತೆಂದು ಮಗುವನ್ನೇ ಕೇಳಬೇಕು. ಉತ್ತರವನ್ನು ನಾವು ಮೊದಲು ಹೇಳಬಾರದು.

ಕ್ರಮವನ್ನು ಮಾತ್ರ ಬಲ್ಲವಳು ಕ್ರಮ ತಪ್ಪಿದಾಗ ಕೈಕಟ್ಟಿ ನಿಲ್ಲುವಳು. ಕಾರಣವನ್ನು ಮಾತ್ರ ಬಲ್ಲವಳ ಕೈಯಲ್ಲಿ ಅರಳು ಸೀಯುವದು. ಎರಡನ್ನೂ ಬಲ್ಲವಳಿಗೆ ಒಣಗಿದ ಕಾಳೂ ವ್ಯರ್ಥವಲ್ಲ. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಿದ ತಾಯ್ತಂದೆಗಳು ಆಶಿಸಿದ್ದೂ, ಕಲಿತು ಹೊರಟ ಮಕ್ಕಳು ತಮ್ಮ ಮನೆಗಳಿಗೆ ಒಯ್ಯತಕ್ಕದ್ದೂ ಇಂಥ ತಿಳುವಳಿಕೆಯೇ. ನಿಮ್ಮ ಮನೆಯ ಹಿರಿಯರು ಅರಳು ಮಾಡುವ ಬಗೆಯನ್ನು ಅವರು ಇರುವಾಗಲೇ ಕೇಳಿ, ಅಳತೆಗಳ ಸಹಿತವಾಗಿ ಬರೆದಿಡಿರಿ. ಬರೆದ ಪ್ರತಿಯೊಂದು ಸಾಲಿನ ಎದುರಿಗೆ ಅದರ ಕಾರಣಕ್ಕಾಗಿ ಸ್ವಲ್ಪ ಸ್ಥಳವನ್ನು ಬಿಡಿರಿ. ಅದನ್ನು ನಿಮ್ಮ ಹೆಣ್ಣುಮಕ್ಕಳು ತುಂಬಲಿ.